ರುಬಿಡಿಯಂ ಕೋಶದಲ್ಲಿ ಹಾನ್ಲೆ ಸಂಕೇತ ಕಾಣದಿದ್ದರೆ: ದೋಷ ಹುಡುಕುವ ಕ್ರಮ

ರುಬಿಡಿಯಂ ಆವಿಯ ಮೂಲಕ ಲೇಸರ್ ಕಿರಣವನ್ನು ಹಾಯಿಸಿ, ಕಿರಣದ ದಿಕ್ಕಿನಲ್ಲಿಯೇ ಕಾಂತಕ್ಷೇತ್ರವನ್ನು ಸೊನ್ನೆಯ ಆಚೀಚೆ ನಿಧಾನವಾಗಿ ಏರಿಳಿಸಿದರೆ, ಪರಮಾಣುಗಳು ಚದುರಿಸುವ ಬೆಳಕಿನ ಪ್ರಮಾಣದಲ್ಲಿ ಸೊನ್ನೆಯ ಬಳಿ ಕಿರಿದಾದ ಒಂದು ಉಬ್ಬು ಅಥವಾ ತಗ್ಗು ಮೂಡಬೇಕು. ಇದನ್ನೇ ಹಾನ್ಲೆ ಸಂಕೇತ ಎನ್ನುತ್ತಾರೆ. ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಮೇಲೆ ಅದು ಕಾಣದಿದ್ದಾಗ, ಅಥವಾ ಕಂಡರೂ ಅಗಲವಾಗಿ, ತಲೆಕೆಳಗಾಗಿ, ಅಲುಗಾಡುತ್ತ ಕಂಡಾಗ, ಸಾಮಾನ್ಯವಾಗಿ ಎಲ್ಲರೂ ಮೊದಲು ಕೈಹಾಕುವುದು ಲೇಸರಿನ ಗುಬಟಿಗಳಿಗೆ. ಲೇಸರ್ ಸರಿಯಿದೆಯೋ ಇಲ್ಲವೋ ಎಂಬುದನ್ನು ಹತ್ತು ನಿಮಿಷಗಳಲ್ಲಿ ತೀರ್ಮಾನಿಸಬಹುದು. ಅದು ಸರಿಯಿದ್ದಲ್ಲಿ ಆಮೇಲೆ ಅದನ್ನು ಮುಟ್ಟಬಾರದು, ಏಕೆಂದರೆ ಉಳಿದ ದೋಷಗಳಲ್ಲಿ ಬಹುಪಾಲು ಕಾಂತಕ್ಷೇತ್ರಕ್ಕೆ ಸೇರಿದವು. ಧಾರವಾಡ, ಹುಬ್ಬಳ್ಳಿ, ಗದಗಗಳ ಸ್ನಾತಕೋತ್ತರ ಪ್ರಯೋಗಾಲಯಗಳಲ್ಲಿ ಈ ಉಪಕರಣವನ್ನು ಜೋಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆಯಲಾಗಿದೆ.

ಇಲ್ಲಿ ಊಹಿಸಿಕೊಂಡಿರುವ ಜೋಡಣೆ ಸರಳವಾದದ್ದು: 780.24 ನ್ಯಾನೋಮೀಟರಿನ ಡಯೋಡ್ ಲೇಸರ್, ಅದರ ಮುಂದೆ ಐಸೋಲೇಟರ್ (ಬೆಳಕು ಲೇಸರಿಗೆ ಹಿಂದಿರುಗದಂತೆ ತಡೆಯುವ ಸಾಧನ) ಮತ್ತು ಧ್ರುವಕ (ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸುವ, ಅಂದರೆ ಧ್ರುವೀಕರಿಸುವ, ಸಾಧನ), ಏಳೆಂಟು ಸೆಂಟಿಮೀಟರ್ ಉದ್ದದ ಗಾಜಿನ ಆವಿಕೋಶ, ಅದರ ಸುತ್ತ ಮೂರು ದಿಕ್ಕುಗಳಲ್ಲಿ ಮೂರು ಜೊತೆ ಸುರುಳಿಗಳು, ಕೋಶವನ್ನು ದಾಟಿ ಬಂದ ಬೆಳಕಿಗೆ ಒಂದು ಫೋಟೋಡಯೋಡ್ ಮತ್ತು ಪಕ್ಕಕ್ಕೆ ಚದುರಿದ ಬೆಳಕಿಗೆ ಇನ್ನೊಂದು. 780 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಮಂದ ಕೆಂಪಾಗಿ ಮಾತ್ರ ಕಾಣುತ್ತದೆ. ಮಂದವಾಗಿ ಕಾಣುವ ಆ ಕಿರಣ ಅಕ್ಷಿಪಟಕ್ಕೆ ಮಾಡುವ ಹಾನಿ ಮಂದವಲ್ಲ. ಆದ್ದರಿಂದ ತಕ್ಕ ಕನ್ನಡಕವಿಲ್ಲದೆ ಕಿರಣದ ಎತ್ತರಕ್ಕೆ ತಲೆ ಬಾಗಿಸಿ ಜೋಡಣೆಯನ್ನು ನೋಡಬಾರದು.

ಮೊದಲ ಪ್ರಶ್ನೆ: ಪರಮಾಣುಗಳು ಬೆಳಕನ್ನು ಚದುರಿಸುತ್ತಿವೆಯೇ?

ಕಾಂತಕ್ಷೇತ್ರವನ್ನು ಸದ್ಯಕ್ಕೆ ಮರೆತು, ಲೇಸರಿನ ಆವೃತ್ತಿಯನ್ನು ಸುಮಾರು 8 ಗಿಗಾಹರ್ಟ್ಸ್ ವ್ಯಾಪ್ತಿಯಲ್ಲಿ ಏರಿಳಿಸಿ, ದಾಟಿ ಬಂದ ಬೆಳಕನ್ನು ಗಮನಿಸಬೇಕು. ನೈಸರ್ಗಿಕ ರುಬಿಡಿಯಂನಲ್ಲಿ ಸುಮಾರು 72 ಶೇಕಡಾ ರುಬಿಡಿಯಂ-85, ಉಳಿದದ್ದು ರುಬಿಡಿಯಂ-87. ತಳಸ್ಥಿತಿ (ಪರಮಾಣುವಿನ ಅತಿ ಕಡಿಮೆ ಶಕ್ತಿಯ ಸ್ಥಿತಿ) ಒಡೆದಿರುವ ಎರಡು ಅತಿಸೂಕ್ಷ್ಮ ಮಟ್ಟಗಳ ಅಂತರ ಮೊದಲನೆಯದರಲ್ಲಿ 3.036 ಗಿಗಾಹರ್ಟ್ಸ್, ಎರಡನೆಯದರಲ್ಲಿ 6.835 ಗಿಗಾಹರ್ಟ್ಸ್ ಆಗಿರುವುದರಿಂದ, ಒಟ್ಟು ನಾಲ್ಕು ತಗ್ಗುಗಳು ಕಾಣಬೇಕು: ಹೊರಗಿನ ಎರಡು 87ರವು, ಒಳಗಿನ ಎರಡು 85ರವು. ಕೋಣೆಯ ಉಷ್ಣತೆಯಲ್ಲಿ, ಪರಮಾಣುಗಳ ಓಟದಿಂದಾಗುವ ಡಾಪ್ಲರ್ ಪರಿಣಾಮದಿಂದ ಪ್ರತಿಯೊಂದೂ ಸುಮಾರು 500 ಮೆಗಾಹರ್ಟ್ಸ್ ಅಗಲವಿರುತ್ತದೆ. ನಾಲ್ಕರ ಬದಲು ಒಂದೂವರೆ ತಗ್ಗು ಕಂಡು ರೇಖೆ ಥಟ್ಟನೆ ಜಿಗಿದರೆ ಲೇಸರ್ ಒಂದು ಮೋಡಿನಿಂದ (ಅದು ನಿಲ್ಲಬಲ್ಲ ಆವೃತ್ತಿಯಿಂದ) ಇನ್ನೊಂದಕ್ಕೆ ಹಾರುತ್ತಿದೆ ಎಂದರ್ಥ. ಆಗ ಡಯೋಡಿನ ಉಷ್ಣತೆಯನ್ನು ಡಿಗ್ರಿಯ ಹತ್ತನೇ ಭಾಗದ ಹೆಜ್ಜೆಗಳಲ್ಲಿ ಸರಿಸಿ, ಪ್ರತಿ ಹೆಜ್ಜೆಯಲ್ಲೂ ವಿದ್ಯುತ್ ಪ್ರವಾಹವನ್ನು ಪೂರ್ತಿ ಏರಿಳಿಸಿ ನೋಡಬೇಕು.

ಒಂದೂ ತಗ್ಗು ಕಾಣದಿದ್ದರೆ ತರಂಗಾಂತರವೇ ಬೇರೆ ಕಡೆ ಇದೆ. ಈ ಪ್ರದೇಶದಲ್ಲಿ ಒಂದು ನ್ಯಾನೋಮೀಟರ್ ಎಂದರೆ ಸುಮಾರು 490 ಗಿಗಾಹರ್ಟ್ಸ್, ಆದ್ದರಿಂದ ಪ್ರವಾಹವನ್ನು ಒಂದಿಷ್ಟು ತಿರುಗಿಸಿ ಅದನ್ನು ಹುಡುಕುವುದು ವ್ಯರ್ಥ. ತರಂಗಾಂತರ ಅಳೆಯುವ ಉಪಕರಣ ಇಲ್ಲದಿದ್ದಲ್ಲಿ, ಅವಕೆಂಪು ಬೆಳಕನ್ನೂ ಗ್ರಹಿಸುವ ಸಾಧಾರಣ ಸಿಸಿಟಿವಿ ಕ್ಯಾಮೆರಾವನ್ನು ಕೋಶದ ಪಕ್ಕಕ್ಕೆ ಇಟ್ಟು, ಡಯೋಡಿನ ಉಷ್ಣತೆಯನ್ನು ನಿಧಾನವಾಗಿ ಬದಲಿಸುತ್ತ ಹೋದರೆ, ಅನುರಣನ ಬಂದ, ಅಂದರೆ ಲೇಸರಿನ ಆವೃತ್ತಿ ಪರಮಾಣುವಿನದಕ್ಕೆ ಹೊಂದಿದ, ಕ್ಷಣದಲ್ಲಿ ಕಿರಣದ ಹಾದಿ ಗಾಜಿನೊಳಗೆ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಪರಮಾಣು ಬೆಳಕನ್ನು ಚದುರಿಸುವುದನ್ನು ಕಣ್ಣಾರೆ ತೋರಿಸುವ ಇಷ್ಟು ಅಗ್ಗದ ದಾರಿ ಬೇರೊಂದಿಲ್ಲ, ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ತೋರಿಸಬೇಕು.

ಮಳೆಗಾಲದಲ್ಲಿ ನಮ್ಮ ಭಾಗಕ್ಕೆ ವಿಶೇಷವಾದ ಒಂದು ತೊಂದರೆಯಿದೆ. ಜುಲೈ ತಿಂಗಳಲ್ಲಿ ಧಾರವಾಡದ ಗಾಳಿ 25 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ 85 ಶೇಕಡಾ ಇದ್ದರೆ, ಇಬ್ಬನಿ ಬಿಂದು ಸುಮಾರು 22 ಡಿಗ್ರಿ ಆಗುತ್ತದೆ. ಸರಿಯಾದ ತರಂಗಾಂತರ ಸಿಗಲೆಂದು ಡಯೋಡನ್ನು 17 ಅಥವಾ 18 ಡಿಗ್ರಿಗೆ ತಂಪಾಗಿಸಿಟ್ಟಿದ್ದರೆ ಅದರ ಕಿಟಕಿಯ ಮೇಲೆಯೇ ತೇವ ಕೂಡುತ್ತದೆ; ಬೆಳಿಗ್ಗೆ ಸರಿಯಿದ್ದ ಶಕ್ತಿ ಮಧ್ಯಾಹ್ನದ ಹೊತ್ತಿಗೆ ಕುಗ್ಗಿ, ಕಿರಣ ಮಸುಕಾಗಿ ಹರಡುತ್ತದೆ. ಇದಕ್ಕೆ ಪರಿಹಾರವೆಂದರೆ ಲೇಸರ್ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ ಒಳಗೆ ಸಿಲಿಕಾ ಜೆಲ್ ಚೀಲಗಳನ್ನಿಡುವುದು, ಅಥವಾ ಇಬ್ಬನಿ ಬಿಂದುವಿಗಿಂತ ಮೇಲಿನ ಉಷ್ಣತೆಯಲ್ಲಿಯೇ ಬೇಕಾದ ತರಂಗಾಂತರ ಕೊಡುವ ಡಯೋಡನ್ನು ಆರಿಸಿಕೊಳ್ಳುವುದು. ಕರೆಂಟ್ ಹೋಗಿ ಬಂದ ಮೇಲೆ ಉಷ್ಣತಾ ನಿಯಂತ್ರಕ ತನ್ನ ಹಳೆಯ ಮಟ್ಟಕ್ಕೆ ಮರಳಿ ನೆಲೆಗೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆ ಅವಧಿಯಲ್ಲಿ ಯಾವ ತೀರ್ಮಾನಕ್ಕೂ ಬರಬಾರದು.

ಕೋಶದ ಬಗ್ಗೆ ಹೇಳಬೇಕಾದದ್ದು ಕಡಿಮೆ. ರುಬಿಡಿಯಂ 39.3 ಡಿಗ್ರಿಯಲ್ಲಿ ಕರಗುತ್ತದೆ, ಮತ್ತು ಕೋಶದಲ್ಲಿ ಯಾವ ಭಾಗ ಎಲ್ಲಕ್ಕಿಂತ ತಣ್ಣಗಿರುತ್ತದೆಯೋ ಅಲ್ಲಿಗೆ ಹೋಗಿ ಕೂಡುತ್ತದೆ. ಕಿರಣ ಹಾಯುವ ಕಿಟಕಿಯ ಮೇಲೆ ಬೆಳ್ಳಿಯಂತಹ ಪೊರೆ ಕಂಡರೆ ಕಿಟಕಿಯನ್ನು ಬಾಲದ ಭಾಗಕ್ಕಿಂತ (ಕೋಶಕ್ಕೆ ಅಂಟಿದ ಸಣ್ಣ ಗಾಜಿನ ಕೊಳವೆಗಿಂತ) ಬೆಚ್ಚಗಿಡಬೇಕು. 25ರಿಂದ 50 ಡಿಗ್ರಿಗೆ ಏರಿಸಿದರೆ ಆವಿಯ ಸಾಂದ್ರತೆ ಹತ್ತು ಪಟ್ಟಿಗಿಂತ ಹೆಚ್ಚಾಗುವುದರಿಂದ, ಸಂಕೇತ ಸಣ್ಣದೆಂದು ಕಾಯಿಸುತ್ತಲೇ ಹೋಗುವುದು ಅಪಾಯ: ಒಂದು ಹಂತದ ಆಚೆ, ಒಂದು ಪರಮಾಣು ಚದುರಿಸಿದ ಬೆಳಕನ್ನು ಪಕ್ಕದ ಪರಮಾಣುಗಳು ಮತ್ತೆ ಮತ್ತೆ ಹೀರಿ ಚದುರಿಸಿ, ಧ್ರುವೀಕರಣದ ನೆನಪನ್ನೆಲ್ಲ ಅಳಿಸಿಬಿಡುತ್ತವೆ. ಏಪ್ರಿಲ್, ಮೇ ತಿಂಗಳ ಗದಗಿನಲ್ಲಿ ಹೀಟರ್ ಹಚ್ಚುವ ಅಗತ್ಯವೇ ಇರುವುದಿಲ್ಲ. ಹೀರಿಕೆ ಚೆನ್ನಾಗಿದ್ದೂ ಪಕ್ಕಕ್ಕೆ ಹೊಳಪು ಬಹುತೇಕ ಇಲ್ಲವೆಂದಾದರೆ, ಕೋಶದೊಳಗೆ ನೈಟ್ರೋಜನ್ ತುಂಬಿದೆಯೇ ಎಂದು ಅದರ ವಿವರಪತ್ರದಲ್ಲಿ ನೋಡಬೇಕು. ನೈಟ್ರೋಜನ್ ಅಣುಗಳು ಉದ್ರಿಕ್ತ (ಬೆಳಕು ಹೀರಿ ಶಕ್ತಿ ಪಡೆದ) ಪರಮಾಣುವಿನ ಶಕ್ತಿಯನ್ನು ಬೆಳಕಾಗುವ ಮೊದಲೇ ಕಸಿದುಕೊಳ್ಳುತ್ತವೆ. ಅಂಥ ಕೋಶದಲ್ಲಿ ದಾಟಿ ಬಂದ ಬೆಳಕನ್ನು ಮಾತ್ರ ಅಳೆಯಬೇಕು.

ಹೀರಿಕೆ ಇದೆ, ಹಾನ್ಲೆ ಸಂಕೇತ ಇಲ್ಲ

ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು, ಮತ್ತು ಇದರ ಕಾರಣ ಬಹುತೇಕ ಯಾವಾಗಲೂ ಭೂಮಿಯ ಕಾಂತಕ್ಷೇತ್ರ. ಈ ವಿಷಯದ ಇತಿಹಾಸ ಶುರುವಾದದ್ದೂ ಇಂಥದೇ ಒಂದು ಗೊಂದಲದಿಂದ. 1923ರಲ್ಲಿ ಅಮೆರಿಕದ ಭೌತವಿಜ್ಞಾನಿಗಳಾದ ವುಡ್ ಮತ್ತು ಎಲೆಟ್ ಪಾದರಸದ ಆವಿ ಚದುರಿಸುವ ಬೆಳಕಿನ ಧ್ರುವೀಕರಣವನ್ನು ಅಳೆಯುತ್ತಿದ್ದಾಗ, ಉಪಕರಣವನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಫಲಿತಾಂಶವೇ ಬದಲಾಗುವುದನ್ನು ಕಂಡು, ಅದಕ್ಕೆ ಭೂಮಿಯ ಕ್ಷೇತ್ರವೇ ಕಾರಣವೆಂದು ಗುರುತಿಸಿದರು. ಮರುವರ್ಷ ಜರ್ಮನಿಯ ಗಾಟಿಂಗೆನ್ನಿನ ವಿಲ್ಹೆಲ್ಮ್ ಹಾನ್ಲೆ ಅದರ ವಿವರಣೆ ಕೊಟ್ಟರು: ಉದ್ರಿಕ್ತ ಪರಮಾಣು ಬೆಳಕು ಸೂಸುವ ಮೊದಲೇ ಕಾಂತಕ್ಷೇತ್ರ ಅದನ್ನು ಸ್ವಲ್ಪ ತಿರುಗಿಸುತ್ತದೆ, ತಿರುಗಿದಷ್ಟೂ ಧ್ರುವೀಕರಣ ಕೆಡುತ್ತದೆ.

ನಾವು ಹುಡುಕುತ್ತಿರುವ ಸಂಕೇತ ಎಷ್ಟು ಅಗಲವಿರಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ರುಬಿಡಿಯಂನ ಉದ್ರಿಕ್ತ ಸ್ಥಿತಿಯ ಆಯುಷ್ಯ ಕೇವಲ 26 ನ್ಯಾನೋಸೆಕೆಂಡ್. ಅಷ್ಟರಲ್ಲಿ ಪರಮಾಣುವನ್ನು ಗಮನಾರ್ಹವಾಗಿ ತಿರುಗಿಸಲು ಹಲವು ಗೌಸ್ (ಕಾಂತಕ್ಷೇತ್ರದ ಮಾನ) ಕ್ಷೇತ್ರ ಬೇಕು, ಆದ್ದರಿಂದ ಉದ್ರಿಕ್ತ ಸ್ಥಿತಿಯ ಹಾನ್ಲೆ ಸಂಕೇತ ಹಲವು ಗೌಸ್ ಅಗಲವಿರುತ್ತದೆ. ಆದರೆ ಲೇಸರ್ ಬೆಳಕು ತಳಸ್ಥಿತಿಯ ಉಪಮಟ್ಟಗಳಲ್ಲಿಯೂ (ಕಾಂತಕ್ಷೇತ್ರದಲ್ಲಿ ಒಂದರಿಂದೊಂದು ದೂರ ಸರಿಯುವ ಮಟ್ಟಗಳಲ್ಲಿಯೂ) ಒಂದು ಕ್ರಮವನ್ನು ಹುಟ್ಟಿಸುತ್ತದೆ, ಅದು ಪರಮಾಣು ಕಿರಣವನ್ನು ದಾಟಿ ಹೊರಹೋಗುವವರೆಗೂ ಉಳಿಯುತ್ತದೆ. ಎರಡು ಮಿಲಿಮೀಟರ್ ಕಿರಣವನ್ನು ಸೆಕೆಂಡಿಗೆ ಇನ್ನೂರೈವತ್ತು ಮೀಟರ್ ವೇಗದ ಪರಮಾಣು ದಾಟಲು ಸುಮಾರು 8 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ರುಬಿಡಿಯಂ-87ರ ಪಕ್ಕಪಕ್ಕದ ಉಪಮಟ್ಟಗಳು ಗೌಸಿಗೆ 0.7 ಮೆಗಾಹರ್ಟ್ಸ್ ದೂರ ಸರಿಯುವುದರಿಂದ, ಈ ಸಂಕೇತದ ಅಗಲ ಹತ್ತಿಪ್ಪತ್ತು ಮಿಲಿಗೌಸ್ ಮಟ್ಟಕ್ಕೆ ಇಳಿಯಬಲ್ಲದು. ಭೂಮಿಯ ಕ್ಷೇತ್ರ ನಮ್ಮಲ್ಲಿ ಸುಮಾರು 0.4 ಗೌಸ್, ಅಂದರೆ 400 ಮಿಲಿಗೌಸ್. ಅದು ಕಿರಣಕ್ಕೆ ಅಡ್ಡವಾಗಿ ಬಿದ್ದಿದ್ದರೆ, ಉದ್ದುದ್ದಕ್ಕೆ ಎಷ್ಟೇ ಏರಿಳಿಸಿದರೂ ಒಟ್ಟು ಕ್ಷೇತ್ರ ಎಂದಿಗೂ ಸೊನ್ನೆಯಾಗುವುದಿಲ್ಲ, ಕಿರಿದಾದ ಸಂಕೇತ ಹುಟ್ಟುವುದೇ ಇಲ್ಲ.

ಪರದೇಶದಿಂದ ಬರುವ ಕೈಪಿಡಿಗಳನ್ನು ಅಕ್ಷರಶಃ ಅನುಸರಿಸಿದರೆ ತೊಡಕಾಗುವುದು ಇಲ್ಲಿಯೇ. ಯೂರೋಪು, ಅಮೆರಿಕಗಳಲ್ಲಿ ಭೂಕ್ಷೇತ್ರ ಕಡಿದಾಗಿ ನೆಲದೊಳಗೆ ಇಳಿಯುತ್ತದೆ, ಆದ್ದರಿಂದ ಅವರ ಸೂಚನೆಗಳಲ್ಲಿ ಲಂಬ ಸುರುಳಿಗೆ ದೊಡ್ಡ ಪ್ರವಾಹ ಕೊಡಲು ಹೇಳಿರುತ್ತದೆ. ಕಾಂತೀಯ ಸಮಭಾಜಕ (ಭೂಕ್ಷೇತ್ರ ನೆಲಕ್ಕೆ ಪೂರ್ತಿ ಸಮಾಂತರವಾಗಿರುವ ರೇಖೆ) ತಮಿಳುನಾಡಿನ ದಕ್ಷಿಣದ ಅಂಚಿನಲ್ಲಿ ಹಾದುಹೋಗುವುದರಿಂದ, ಧಾರವಾಡ ಜಿಲ್ಲೆಯಲ್ಲಿ ಕ್ಷೇತ್ರ ಬಹುಪಾಲು ನೆಲಕ್ಕೆ ಸಮಾಂತರವಾಗಿ ಉತ್ತರದ ಕಡೆಗೆ ಇರುತ್ತದೆ. ಲಂಬ ಅಂಶ ಸಮತಲ ಅಂಶದ ಅರ್ಧಕ್ಕಿಂತಲೂ ಬಹಳ ಕಡಿಮೆ. ಅವರ ಅಂಕಿಯನ್ನೇ ಇಲ್ಲಿ ಹಾಕಿದರೆ ಭೂಕ್ಷೇತ್ರವನ್ನು ಅಳಿಸುವ ಬದಲು ಹೊಸದೊಂದು ಕ್ಷೇತ್ರವನ್ನು ಸೇರಿಸಿದಂತಾಗುತ್ತದೆ. ಬೆಂಚನ್ನು ಇಡುವ ಸ್ವಾತಂತ್ರ್ಯವಿದ್ದರೆ ಕಿರಣವನ್ನು ಉತ್ತರ-ದಕ್ಷಿಣವಾಗಿ ಹಾಯಿಸುವುದು ಉತ್ತಮ. ಆಗ ಭೂಕ್ಷೇತ್ರದ ದೊಡ್ಡ ಪಾಲು ಏರಿಳಿಸುವ ದಿಕ್ಕಿನಲ್ಲಿಯೇ ಬಿದ್ದು, ಸಂಕೇತವನ್ನು ಅಳಿಸುವ ಬದಲು ಪಕ್ಕಕ್ಕೆ ಸರಿಸುತ್ತದೆ ಅಷ್ಟೆ. ಅಡ್ಡವಾಗಿ ಉಳಿಯುವುದು ಸಣ್ಣ ಲಂಬ ಅಂಶ ಮಾತ್ರ.

ಸುರುಳಿಗಳ ಮೇಲೂ ಅನುಮಾನ ಇರಲಿ. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡಿಂಗ್ ಮಾಡುವ ಅಂಗಡಿಗಳಲ್ಲಿ ಎನಾಮಲ್ ತಾಮ್ರದ ತಂತಿಯ ಸುರುಳಿಗಳನ್ನು ಒಪ್ಪವಾಗಿ ಸುತ್ತಿಕೊಡುತ್ತಾರೆ, ಆದರೆ ಜೊತೆಯ ಎರಡು ಸುರುಳಿಗಳನ್ನು ಯಾವ ದಿಕ್ಕಿನಲ್ಲಿ ಜೋಡಿಸಬೇಕೆಂಬುದು ನಮ್ಮ ಕೆಲಸ. ಒಂದು ಉಲ್ಟಾ ಆದರೆ ನಡುವಿನಲ್ಲಿ ಕ್ಷೇತ್ರ ಸೊನ್ನೆಯಾಗಿ, ಎರಡೂ ಅಂಚುಗಳಲ್ಲಿ ಎದುರುಬದುರಾಗಿ ಬೆಳೆಯುತ್ತದೆ. ಕೋಶವನ್ನು ತೆಗೆದು ನಡುವೆ ಒಂದು ದಿಕ್ಸೂಚಿಯನ್ನಿಟ್ಟು ಪ್ರವಾಹ ಹರಿಸಿದರೆ ಇದು ಕೂಡಲೇ ತಿಳಿಯುತ್ತದೆ. ಬಿ.ಎಸ್ಸಿ. ತರಗತಿಯ ಟ್ಯಾಂಜೆಂಟ್ ಗ್ಯಾಲ್ವನೋಮೀಟರಿನಂತೆ ಸುರುಳಿಯ ಅಕ್ಷವನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿ, ಸೂಜಿ 45 ಡಿಗ್ರಿ ವಾಲುವ ಪ್ರವಾಹವನ್ನು ಗುರುತಿಸಿಕೊಂಡರೆ, ಆ ಪ್ರವಾಹವೇ ಸಮತಲ ಭೂಕ್ಷೇತ್ರಕ್ಕೆ ಸಮ. 15 ಸೆಂಟಿಮೀಟರ್ ತ್ರಿಜ್ಯದ, ಪ್ರತಿಯೊಂದರಲ್ಲೂ 100 ಸುತ್ತುಗಳಿರುವ ಹೆಲ್ಮ್‌ಹೋಲ್ಟ್ಸ್ ಜೊತೆಯಲ್ಲಿ (ತ್ರಿಜ್ಯದಷ್ಟೇ ಅಂತರದಲ್ಲಿಟ್ಟ ಎರಡು ಸುರುಳಿಗಳಲ್ಲಿ) 100 ಮಿಲಿಆಂಪಿಯರ್ ಹರಿಸಿದರೆ ನಡುವೆ ಸುಮಾರು 0.6 ಗೌಸ್ ಬರುತ್ತದೆ. ಹಾಗಾಗಿ 45 ಡಿಗ್ರಿಗೆ 65 ಮಿಲಿಆಂಪಿಯರ್ ಆಸುಪಾಸು ಬೇಕಾಗಬೇಕು. ಇದರ ಅರ್ಧವೋ ಎರಡು ಪಟ್ಟೋ ಬಂದರೆ ಸುತ್ತುಗಳ ಎಣಿಕೆಯಲ್ಲಿ ಅಥವಾ ಜೋಡಣೆಯಲ್ಲಿ ತಪ್ಪಿದೆ.

ಇಷ್ಟಾದ ಮೇಲೆ ಸೊನ್ನೆಯನ್ನು ಹುಡುಕುವ ಕೆಲಸ ತಾಳ್ಮೆಯದು. ಮೊದಲು ಏರಿಳಿತದ ವ್ಯಾಪ್ತಿಯನ್ನು ದೊಡ್ಡದಾಗಿ, ಪ್ಲಸ್ ಮೈನಸ್ ಒಂದು ಗೌಸಿನಷ್ಟು, ಇಟ್ಟುಕೊಳ್ಳಬೇಕು. ಎಷ್ಟೇ ಅಗಲವಾಗಿದ್ದರೂ ಒಂದು ಮಂದವಾದ ಉಬ್ಬು ಕಂಡೇ ಕಾಣುತ್ತದೆ. ಲಂಬ ಸುರುಳಿಯ ಪ್ರವಾಹವನ್ನು ಆ ಉಬ್ಬು ಅತ್ಯಂತ ಕಿರಿದಾಗುವವರೆಗೆ ಬದಲಿಸಿ, ಅನಂತರ ಪಕ್ಕದ ಸುರುಳಿಯನ್ನು ಹಾಗೆಯೇ ಹೊಂದಿಸಿ, ಮತ್ತೆ ಲಂಬಕ್ಕೆ ಮರಳಬೇಕು. ಒಂದನ್ನು ಸರಿಪಡಿಸಿದಾಗ ಇನ್ನೊಂದರ ಉತ್ತಮ ಬಿಂದು ಸ್ವಲ್ಪ ಸರಿಯುವುದು ಸಹಜ, ಏಕೆಂದರೆ ಸುರುಳಿಗಳು ಎಂದೂ ಪರಸ್ಪರ ಪೂರ್ಣ ಲಂಬವಾಗಿರುವುದಿಲ್ಲ. ಎತ್ತರವನ್ನು ನೋಡಿ ಹೊಂದಿಸುವವರೂ ಇದ್ದಾರೆ, ಆದರೆ ಎತ್ತರ ಲೇಸರಿನ ಚಂಚಲತೆಯಿಂದಲೂ ಬದಲಾಗುತ್ತದೆ. ಅಗಲವನ್ನು ನಂಬುವುದು ಲೇಸು.

ಸಂಕೇತ ಇದೆ, ಆದರೆ ಕಿರಿದಾಗುತ್ತಿಲ್ಲ

ಸುರುಳಿಗಳನ್ನು ಎಷ್ಟು ಹೊಂದಿಸಿದರೂ ಅಗಲ ನೂರು ಮಿಲಿಗೌಸಿಗಿಂತ ಕೆಳಗಿಳಿಯದಿದ್ದರೆ, ಕಾರಣ ಕ್ಷೇತ್ರದಲ್ಲಿದೆಯೋ ಬೆಳಕಿನಲ್ಲಿದೆಯೋ ಎಂದು ಮೊದಲು ಬೇರ್ಪಡಿಸಬೇಕು. ಕಿರಣದ ಹಾದಿಯಲ್ಲಿ ಬೆಳಕನ್ನು ಅರ್ಧಕ್ಕಿಳಿಸುವ ಫಿಲ್ಟರ್ ಇಟ್ಟು ನೋಡಬೇಕು. ಅಗಲ ಗಮನಾರ್ಹವಾಗಿ ಕುಗ್ಗಿದರೆ, ಬೆಳಕೇ ಸಂಕೇತವನ್ನು ಅಗಲಿಸುತ್ತಿದೆ: ಪರಮಾಣು ಕ್ಷೇತ್ರದಲ್ಲಿ ತಿರುಗಲು ಸಮಯ ಸಿಗುವ ಮೊದಲೇ ತೀವ್ರ ಬೆಳಕು ಅದನ್ನು ಮತ್ತೆ ಮತ್ತೆ ಉದ್ರೇಕಿಸಿ ಚದುರಿಸುತ್ತದೆ. ರುಬಿಡಿಯಂನ ಈ ರೇಖೆಯ ಪರ್ಯಾಪ್ತಿ ತೀವ್ರತೆ (ಪರಮಾಣು ಇನ್ನೂ ಹೆಚ್ಚು ಬೆಳಕನ್ನು ಹೀರಲಾರದಂತಾಗತೊಡಗುವ ಮಟ್ಟ) ಚದರ ಸೆಂಟಿಮೀಟರಿಗೆ ಸುಮಾರು 1.7 ಮಿಲಿವ್ಯಾಟ್, ಎರಡು ಮಿಲಿಮೀಟರ್ ಕಿರಣದಲ್ಲಿ 50 ಮೈಕ್ರೋವ್ಯಾಟ್ ಹಾಯಿಸಿದರೆ ಅದರ ಹತ್ತಿರ ಬಂದಾಯಿತು. ಲೇಸರ್ ಹತ್ತಾರು ಮಿಲಿವ್ಯಾಟ್ ಕೊಡುತ್ತದೆಂದು ಅಷ್ಟನ್ನೂ ಕೋಶದೊಳಕ್ಕೆ ಬಿಡುವುದು ಈ ಪ್ರಯೋಗವನ್ನು ಕೆಡಿಸುವ ಅತ್ಯಂತ ಸುಲಭ ಮಾರ್ಗ. ಶಕ್ತಿ ಇಳಿಸಿದ ಮೇಲೂ ಇನ್ನಷ್ಟು ಕಿರಿದು ಬೇಕೆಂದರೆ ಕಿರಣವನ್ನು ಮಸೂರಗಳಿಂದ ದಪ್ಪಗೊಳಿಸಬೇಕು.

ಬೆಳಕನ್ನು ಇಳಿಸಿದರೂ ಅಗಲ ಬದಲಾಗದಿದ್ದರೆ ಕ್ಷೇತ್ರ ಕೋಶದ ಉದ್ದಕ್ಕೂ ಒಂದೇ ಸಮನಾಗಿಲ್ಲ, ಅಂದರೆ ಹತ್ತಿರದಲ್ಲಿ ಎಲ್ಲಿಯೋ ಒಂದು ಆಯಸ್ಕಾಂತವಿದೆ. ಮೊದಲ ಆರೋಪಿ ಐಸೋಲೇಟರ್. ಅದರ ಹೊಟ್ಟೆಯಲ್ಲಿಯೇ ಬಲವಾದ ಶಾಶ್ವತ ಆಯಸ್ಕಾಂತವಿರುತ್ತದೆ, ಕೋಶದಿಂದ ಅದನ್ನು ಬೆಂಚಿನ ಇನ್ನೊಂದು ತುದಿಗೆ ಒಯ್ಯಬೇಕು. ಮ್ಯಾಗ್ನೆಟಿಕ್ ಬೇಸುಗಳು, ಉಕ್ಕಿನ ಸ್ಕ್ರೂಗಳು, ಗೋಡೆಗೆ ಒರಗಿಸಿದ ಉಕ್ಕಿನ ಅಲಮಾರಿ, ಮತ್ತು ಬಗ್ಗಿ ನೋಡುವವರ ಅಂಗಿಯ ಜೇಬಿನಲ್ಲಿರುವ ಮೊಬೈಲು ಅನಂತರದವು. ಅದೇ ಮೊಬೈಲಿನಲ್ಲಿ ಕಾಂತಮಾಪಕದ ಆ್ಯಪ್ ಇದ್ದರೆ ಕೋಶವಿರುವ ಜಾಗದಲ್ಲಿ ಹಿಡಿದು ಅತ್ತಿತ್ತ ಸರಿಸಿ, ಓದು 40 ಮೈಕ್ರೋಟೆಸ್ಲಾದಿಂದ (0.4 ಗೌಸ್) ಎಲ್ಲಿ ಏರುಪೇರಾಗುತ್ತದೆಂದು ಗುರುತಿಸಬಹುದು. ಗುರುತಿಸಿದ ಮೇಲೆ ಮೊಬೈಲನ್ನು ಕೋಣೆಯ ಹೊರಗಿಡಬೇಕು. ಕೋಶದ ಹೀಟರ್ ಕೂಡ ಒಂದು ಸುರುಳಿಯೇ ಎಂಬುದನ್ನು ಮರೆಯಬಾರದು. ಹೋಗುವ ಮತ್ತು ಬರುವ ತಂತಿಗಳನ್ನು ಒಂದಕ್ಕೊಂದು ಹೆಣೆದು ಸುತ್ತಿರದಿದ್ದರೆ ಅಳತೆಯ ಹೊತ್ತಿಗೆ ಹೀಟರನ್ನು ಆರಿಸಿ ನೋಡಬೇಕು. ಆರಿಸಿದ ಕೂಡಲೇ ಸಂಕೇತ ಸರಿದರೆ ಬೇರೆ ಸಾಕ್ಷಿ ಬೇಡ.

ತಲೆಕೆಳಗಾದ ಸಂಕೇತ

ಇದು ಹಲವು ಸಲ ದೋಷವೇ ಅಲ್ಲ. ರುಬಿಡಿಯಂ-87ರ ತಳಸ್ಥಿತಿಯ ಮೇಲಿನ ಮಟ್ಟದಿಂದ, ಅಥವಾ 85ರ ಮೇಲಿನ ಮಟ್ಟದಿಂದ, ಪರಮಾಣು ಅದೇ ಮಟ್ಟಕ್ಕೆ ಮರಳುವ ಆವರ್ತ ಸಂಕ್ರಮಣ ಪ್ರಬಲವಾಗಿರುತ್ತದೆ. ಅಲ್ಲಿ ಸೊನ್ನೆ ಕ್ಷೇತ್ರದಲ್ಲಿ ಚದುರುವಿಕೆ ಹೆಚ್ಚಿ ಉಬ್ಬು ಕಾಣುತ್ತದೆ. ಕೆಳಗಿನ ಮಟ್ಟದಿಂದ ಹೊರಡುವ ರೇಖೆಗೆ ಲೇಸರನ್ನು ಹೊಂದಿಸಿದರೆ, ಸೊನ್ನೆ ಕ್ಷೇತ್ರದಲ್ಲಿ ಪರಮಾಣುಗಳು ಬೆಳಕನ್ನು ಹೀರದ ಕತ್ತಲ ಸ್ಥಿತಿಗೆ ಸೇರಿಕೊಂಡು ಚದುರುವಿಕೆ ತಗ್ಗುತ್ತದೆ. ಆದ್ದರಿಂದ ನಾಲ್ಕು ತಗ್ಗುಗಳಲ್ಲಿ ಯಾವುದರ ಮೇಲೆ ಲೇಸರ್ ನಿಂತಿದೆ ಎಂದು ಗುರುತಿಸದೆ, ತಂತಿಗಳನ್ನು ಅದಲುಬದಲು ಮಾಡಬಾರದು. ಇನ್ನೊಂದು ಸಾಧ್ಯತೆ ಪಕ್ಕದ ಫೋಟೋಡಯೋಡಿನ ಸ್ಥಾನ: ಬೆಳಕಿನ ಧ್ರುವೀಕರಣ ನೇರವಾಗಿ ಅದರತ್ತ ಮುಖಮಾಡಿದ್ದರೆ, ಆ ದಿಕ್ಕಿಗೆ ಪರಮಾಣುಗಳು ಕಡಿಮೆ ಬೆಳಕು ಸೂಸುತ್ತವೆ. ಕಿರಣದ ಹಾದಿಯಲ್ಲಿ ಅರೆತರಂಗ ಫಲಕವನ್ನಿಟ್ಟು 45 ಡಿಗ್ರಿ ತಿರುಗಿಸಿದರೆ ಧ್ರುವೀಕರಣ 90 ಡಿಗ್ರಿ ತಿರುಗುತ್ತದೆ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಅಲುಗಾಟ, ಜೋಡಿ ಶಿಖರ

ಅಲುಗಾಟದ ಮೂಲವನ್ನು ಹುಡುಕಲು ಆಸಿಲೋಸ್ಕೋಪಿನ ಟ್ರಿಗರನ್ನು (ಗೆರೆ ಶುರುವಾಗುವ ಕ್ಷಣವನ್ನು) ವಿದ್ಯುತ್ ಮಾರ್ಗಕ್ಕೆ ಕಟ್ಟಬೇಕು. ಅಲುಗಾಟ ಸ್ಥಿರವಾಗಿ ನಿಂತರೆ ಅದು 50 ಹರ್ಟ್ಸ್ ಮೂಲದ್ದು. ಈಗ ಲೇಸರನ್ನು ಅಡ್ಡಗಟ್ಟಿದಾಗಲೂ ಉಳಿದರೆ ಕೋಣೆಯ ದೀಪಗಳದು; ಲೇಸರ್ ಇದ್ದಾಗ ಮಾತ್ರ ಬಂದು, ಅನುರಣನದಿಂದ ಲೇಸರನ್ನು ಸರಿಸಿದ ಕೂಡಲೇ ಮಾಯವಾದರೆ ಟ್ರಾನ್ಸ್‌ಫಾರ್ಮರಿನದೋ ಪವರ್ ಸಪ್ಲೈಯದೋ ಕಾಂತಕ್ಷೇತ್ರ ಪರಮಾಣುಗಳನ್ನು ತಲುಪುತ್ತಿದೆ. ಅವುಗಳನ್ನು ಬೆಂಚಿನಿಂದ ಕೆಳಗಿಳಿಸಿ ಒಂದು ಮೀಟರ್ ದೂರವಿಟ್ಟರೆ ಬಹುತೇಕ ಸಾಕಾಗುತ್ತದೆ.

ಕ್ಷೇತ್ರ ಏರುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ ಶಿಖರ ಬಂದರೆ ಏರಿಳಿತವನ್ನು ನಿಧಾನಗೊಳಿಸಿ ನೋಡಬೇಕು. ಅಂತರ ಕಡಿಮೆಯಾದರೆ ಸುರುಳಿಯ ಅಥವಾ ಆಂಪ್ಲಿಫೈಯರಿನ ವಿಳಂಬ. ಹಾಗೆಯೇ ಉಳಿದರೆ ಹತ್ತಿರದ ಕಬ್ಬಿಣ ತನ್ನ ಕಾಂತತ್ವವನ್ನು ಹಿಡಿದಿಟ್ಟುಕೊಳ್ಳುತ್ತಿದೆ. ನಿಧಾನ ಏರಿಳಿತದಲ್ಲಿ ಆಸಿಲೋಸ್ಕೋಪ್ ಎಸಿ ಕಪ್ಲಿಂಗಿನಲ್ಲಿ (ನಿಧಾನ ಬದಲಾವಣೆಗಳನ್ನು ಕಳೆಯುವ ಸ್ಥಿತಿಯಲ್ಲಿ) ಇದ್ದರೂ ಆಕಾರ ವಕ್ರವಾಗುತ್ತದೆ, ಅದನ್ನು ಡಿಸಿಗೆ ಹಾಕಬೇಕು.

ಸೊನ್ನೆಯೇ ಸರಿಯುತ್ತಿದ್ದರೆ

ಎಲ್ಲವೂ ಸರಿಯಾದ ಮೇಲೆ ಉಳಿಯುವ ಒಂದು ತೊಂದರೆ ಉಪಕರಣದ್ದಲ್ಲ, ಭೌತವಿಜ್ಞಾನದ್ದು. ಹಾಗಾಗಿ ಅದಕ್ಕೆ ಹೆಚ್ಚು ಗಮನ ಕೊಡಬೇಕು. ಲೇಸರಿನ ಶಕ್ತಿಯನ್ನು ಬದಲಿಸಿದಾಗ ಸಂಕೇತದ ಅಗಲ ಮಾತ್ರವಲ್ಲದೆ ಕೇಂದ್ರವೂ ಸರಿದರೆ, ಹೊರಗಿನ ಕ್ಷೇತ್ರವನ್ನು ದೂರುವಂತಿಲ್ಲ, ಏಕೆಂದರೆ ಹೊರಗಿನ ಕ್ಷೇತ್ರಕ್ಕೆ ಲೇಸರಿನ ಶಕ್ತಿಯ ಅರಿವಿಲ್ಲ. ಬೆಳಕು ಪರಮಾಣುವಿನ ಶಕ್ತಿಮಟ್ಟಗಳನ್ನೇ ಸ್ವಲ್ಪ ಸರಿಸುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಕೊಹೆನ್-ಟನೂಜಿ 1961ರಲ್ಲಿ ಪ್ಯಾರಿಸಿನಲ್ಲಿ ಪಾದರಸದ ಪರಮಾಣುಗಳ ಮೇಲೆ ಇದನ್ನು ಪ್ರಯೋಗದಲ್ಲಿ ತೋರಿಸಿದರು. ರೇಖೀಯ ಧ್ರುವೀಕರಣದ ಬೆಳಕು ಧನ ಮತ್ತು ಋಣ ಉಪಮಟ್ಟಗಳನ್ನು ಒಂದೇ ಪ್ರಮಾಣದಲ್ಲಿ ಸರಿಸುವುದರಿಂದ ಕೇಂದ್ರ ಕದಲುವುದಿಲ್ಲ. ಆದರೆ ಕೋಶದ ಗಾಜಿನಲ್ಲಿರುವ ಒತ್ತಡದಿಂದ, ಅಥವಾ ಓರೆಯಾಗಿಟ್ಟ ಕನ್ನಡಿಯಿಂದ, ಬೆಳಕಿನಲ್ಲಿ ವೃತ್ತೀಯ ಧ್ರುವೀಕರಣದ (ಕಂಪನದ ದಿಕ್ಕು ಸುತ್ತುತ್ತ ಹೋಗುವ ಬೆಳಕಿನ) ಸಣ್ಣ ಅಂಶ ಸೇರಿಕೊಂಡು, ಲೇಸರ್ ಅನುರಣನದ ಶಿಖರದಿಂದ ತುಸು ಪಕ್ಕಕ್ಕಿದ್ದರೆ, ಎರಡು ಬದಿಯ ಉಪಮಟ್ಟಗಳು ಬೇರೆ ಬೇರೆ ಪ್ರಮಾಣದಲ್ಲಿ ಸರಿಯುತ್ತವೆ. ಪರಮಾಣುವಿನ ಮಟ್ಟಿಗೆ ಅದು ಕಿರಣದ ದಿಕ್ಕಿನಲ್ಲಿ ಹಾಕಿದ ಕಾಂತಕ್ಷೇತ್ರಕ್ಕೂ ಬೇರೆಯಲ್ಲ.

ಇದನ್ನು ಖಚಿತಪಡಿಸಲು ಎರಡು ಪರೀಕ್ಷೆಗಳಿವೆ. ಲೇಸರನ್ನು ಹೀರಿಕೆಯ ತಗ್ಗಿನ ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಸರಿಸಿದರೆ ಕೇಂದ್ರ ವಿರುದ್ಧ ದಿಕ್ಕಿಗೆ ಹಾಯಬೇಕು. ಹಾಗೆಯೇ, ಕಾಲುತರಂಗ ಫಲಕವೊಂದನ್ನು ಕೋಶದ ಮುಂದೆ ಇಟ್ಟು ವೃತ್ತೀಯ ಅಂಶವನ್ನು ಬೇಕೆಂದೇ ಬಲಗೈಯಿಂದ ಎಡಗೈಗೆ ಬದಲಿಸಿದಾಗಲೂ ವಿರುದ್ಧ ದಿಕ್ಕಿಗೆ ಹಾಯಬೇಕು. ನಿಜವಾದ ಕಾಂತಕ್ಷೇತ್ರದಿಂದಾದ ಸರಿತ ಈ ಎರಡಕ್ಕೂ ಕದಲುವುದಿಲ್ಲ. ಬೆಳಕಿನದೇ ಕಾರಣವೆಂದು ತಿಳಿದ ಮೇಲೆ, ಧ್ರುವಕವನ್ನು ಕನ್ನಡಿಗಳೆಲ್ಲ ಮುಗಿದ ಬಳಿಕ, ಕೋಶಕ್ಕೆ ತೀರ ಹತ್ತಿರ ಇಟ್ಟರೆ ಸರಿತದ ಬಹುಭಾಗ ಹೋಗುತ್ತದೆ. ಉಳಿದ ಅಲ್ಪ ಭಾಗಕ್ಕೆ, ನಾಲ್ಕೈದು ಬೇರೆ ಬೇರೆ ಶಕ್ತಿಗಳಲ್ಲಿ ಕೇಂದ್ರವನ್ನು ಅಳೆದು, ಆ ಬಿಂದುಗಳ ಮೂಲಕ ಗೆರೆ ಎಳೆದು, ಅದನ್ನು ಶಕ್ತಿ ಸೊನ್ನೆಯಾಗುವವರೆಗೆ ಮುಂದುವರಿಸಬೇಕು; ಗೆರೆ ಅಕ್ಷವನ್ನು ಮುಟ್ಟುವ ಓದನ್ನೇ ಕ್ಷೇತ್ರದ ಅಳತೆಯೆಂದು ದಾಖಲಿಸಬೇಕು.